‘ಫ್ಲಾಕ್ಯುಲಂಟ್’ ಎಂದು ಬರೆದ ಚೀಲಗಳು: ಒಳಗಿರುವುದೇನು, ಹಾಕುವುದೆಷ್ಟು

ನೀರು ತಿಳಿಗೊಳಿಸಲೆಂದು ಮಾರುವ ಪುಡಿಗಳ ಚೀಲ ತಿರುಗಿಸಿ ನೋಡಿದರೆ, ಬೇರೆ ಬೇರೆ ಮೂರು ಸರಕುಗಳ ಮೇಲೆ ಒಂದೇ ಪದ ಸಿಗುತ್ತದೆ: ಫ್ಲಾಕ್ಯುಲಂಟ್. ಒಂದು ಚೀಲದಲ್ಲಿರುವುದು ಪಟಿಕ, ಇನ್ನೊಂದರಲ್ಲಿ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್, ಮತ್ತೊಂದರಲ್ಲಿ ಪಾಲಿಅಕ್ರಿಲಮೈಡ್. ಪಟಿಕವನ್ನು ಲೀಟರಿಗೆ ಹತ್ತಾರು ಮಿಲಿಗ್ರಾಂ ಹಾಕಬೇಕು. ಪಾಲಿಅಕ್ರಿಲಮೈಡ್ ಆದರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು ಸಾಕು. ಒಂದರ ಅಳತೆಯಲ್ಲಿ ಇನ್ನೊಂದನ್ನು ಸುರಿದರೆ ನೀರು ತಿಳಿಯಾಗುವುದಿಲ್ಲ, ಲೋಳೆಯಾಗುತ್ತದೆ. ಆದ್ದರಿಂದ ಸರಕಿಗಿಂತ ಮೊದಲು ಪದವನ್ನೇ ತೂಗಿ ನೋಡಬೇಕಾಗಿದೆ.

ಲ್ಯಾಟಿನ್ನಿನಲ್ಲಿ ಫ್ಲಾಕಸ್ ಎಂದರೆ ಉಣ್ಣೆಯ ಎಳೆಗೊಂಚಲು. ನೀರಿನಲ್ಲಿ ಚದುರಿ ನಿಂತ ಕಣಗಳು ಒಂದಕ್ಕೊಂದು ಅಂಟಿ, ಹಿಂಜಿದ ಅರಳೆಯ ಹಾಗೆ ಸಡಿಲವಾದ ಮುದ್ದೆ ಕಟ್ಟಿಕೊಳ್ಳುವುದು ಫ್ಲಾಕ್ಯುಲೇಶನ್, ಹಾಗೆ ಕಟ್ಟಿದ ಮುದ್ದೆಯೇ ಫ್ಲಾಕ್. ಊರ್ಣ ಎಂಬ ಸಂಸ್ಕೃತ ಪದದಿಂದ ಕಟ್ಟಿದ ‘ಊರ್ಣನ’ ಎಂಬ ಪಾರಿಭಾಷಿಕ ಪದವೂ ಇದೆ. ಅರ್ಥ ಸರಿಯೇ, ಆದರೆ ಯಾವ ಚೀಲದ ಮೇಲೂ ಕಾಣುವುದಿಲ್ಲ. ಇದರ ಜೊತೆಗೇ ಓಡಾಡುವ ಇನ್ನೊಂದು ಪದ ಕೊಅಗ್ಯುಲೇಶನ್. ಅದನ್ನು ‘ಹೆಪ್ಪುಗಟ್ಟುವಿಕೆ’ ಎಂದುಬಿಟ್ಟಾಗ ಗೊಂದಲ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಬಲೆ ಹೆಣೆದುಕೊಳ್ಳುತ್ತದೆ. ಬಗ್ಗಡ ನೀರಿಗೆ ಪಟಿಕ ಹಾಕಿದಾಗ ಅಂಥ ಯಾವ ಬಲೆಯೂ ಹೆಣೆಯುವುದಿಲ್ಲ. ಅಲ್ಲಿ ನಡೆಯುವುದು ವಿದ್ಯುದಾವೇಶದ ಲೆಕ್ಕಾಚಾರ.

ಜೇಡಿಮಣ್ಣಿನ ಕಣದ ಮೈಮೇಲೆ ಋಣ ಆವೇಶವಿರುತ್ತದೆ. ಎಲ್ಲ ಕಣಗಳೂ ಋಣವಾದ್ದರಿಂದ ಒಂದನ್ನೊಂದು ತಳ್ಳುತ್ತಲೇ ಇರುತ್ತವೆ, ಹತ್ತಿರ ಬಂದರೂ ಅಂಟುವುದಿಲ್ಲ. ಒಂಟಿಯಾಗಿ ಮುಳುಗಲಿ ಎಂದು ಕಾಯೋಣವೆಂದರೆ, ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಮಣ್ಣಿನ ಕಣ ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 13 ದಿನ ಬೇಕು. ಸ್ಟೋಕ್ಸ್ ನಿಯಮದಲ್ಲಿ ಇಳಿಯುವ ವೇಗ ವ್ಯಾಸದ ವರ್ಗಕ್ಕೆ ಅನುಗುಣ, ಆದ್ದರಿಂದ ಅದೇ ಸಾಂದ್ರತೆಯ 10 ಮೈಕ್ರಾನ್ ಕಣ ಮೂರು ತಾಸಿನಲ್ಲಿ ತಳ ಸೇರುತ್ತದೆ. ಮುದ್ದೆ ಕಟ್ಟಿಸುವುದರ ಲಾಭವೆಲ್ಲ ಈ ವರ್ಗದಲ್ಲೇ ಇದೆ. ಫ್ಲಾಕಿನ ಹೊಟ್ಟೆಯಲ್ಲಿ ನೀರೇ ಹೆಚ್ಚಾದ್ದರಿಂದ ಅದು ಮಣ್ಣಿಗಿಂತ ಹಗುರ, ಆದರೂ ಗಾತ್ರದ ಲಾಭ ಆ ನಷ್ಟವನ್ನು ತುಂಬಿಕೊಡುತ್ತದೆ.

ನೀರು ಶುದ್ಧೀಕರಣದವರ ಬಳಕೆಯಲ್ಲಿ ಕೆಲಸ ಎರಡು. ಧನ ಆವೇಶದ ಲೋಹದ ಲವಣ ಹಾಕಿ ಕಣಗಳ ಆವೇಶ ಅಳಿಸುವುದು ಕೊಅಗ್ಯುಲೇಶನ್, ಇದು ಕ್ಷಣಗಳಲ್ಲಿ ಮುಗಿಯುತ್ತದೆ. ಆವೇಶ ಕಳೆದುಕೊಂಡ ಕಣಗಳನ್ನು ಮೆಲ್ಲಗೆ ಕಲಕುತ್ತಾ ಡಿಕ್ಕಿ ಹೊಡೆಸಿ ಬೆಳೆಸುವುದು ಫ್ಲಾಕ್ಯುಲೇಶನ್, ಇದಕ್ಕೆ ಹತ್ತಿಪ್ಪತ್ತು ನಿಮಿಷ ಬೇಕು. ರಸಾಯನಶಾಸ್ತ್ರದ ಪದಗಳನ್ನು ನಿಗದಿಪಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ ಕೊಟ್ಟ ವ್ಯಾಖ್ಯೆಯೊಂದು ಮಾತ್ರ ಈ ಎರಡನ್ನೂ ಸಮಾನಾರ್ಥಕ ಎನ್ನುತ್ತದೆ. ಹಾಗಾಗಿ ಚೀಲದ ಮೇಲಿನ ಪದ ಸುಳ್ಳೆಂದು ಮಾರುವವನ ಮೇಲೆ ಹರಿಹಾಯುವಂತಿಲ್ಲ. ಆದರೆ ಬಳಸುವವನಿಗೆ ಐಯುಪ್ಯಾಕಿನ ಅರ್ಥದಿಂದ ಉಪಯೋಗವಿಲ್ಲ. ಅವನಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಈ ಪುಡಿ ಆವೇಶ ಅಳಿಸುತ್ತದೆಯೋ, ಕಣಗಳ ನಡುವೆ ಸೇತುವೆ ಕಟ್ಟುತ್ತದೆಯೋ?

ಉತ್ತರ ಲೇಬಲ್ಲಿನಲ್ಲಿ ಇಲ್ಲದಿದ್ದರೆ ಜಾರ್ ಟೆಸ್ಟ್ ಹೇಳುತ್ತದೆ. ಆರು ಜಾಡಿ, ಒಂದೊಂದರಲ್ಲಿ ಒಂದು ಲೀಟರ್ ಅದೇ ಬಗ್ಗಡ ನೀರು. 10 ಗ್ರಾಂ ಪಟಿಕವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿಟ್ಟುಕೊಂಡರೆ, ಆ ದ್ರಾವಣದ ಒಂದು ಮಿಲಿಲೀಟರ್ ಎಂದರೆ ಜಾಡಿಯಲ್ಲಿ ಲೀಟರಿಗೆ 10 ಮಿ.ಗ್ರಾಂ. ಆರು ಜಾಡಿಗೆ 10ರಿಂದ 60ರವರೆಗೆ ಹತ್ತತ್ತು ಏರಿಸುತ್ತಾ ಹಾಕಿ. ನಿಮಿಷಕ್ಕೆ ಸುಮಾರು 100 ಸುತ್ತಿನಂತೆ ಒಂದು ನಿಮಿಷ ಜೋರಾಗಿ, ಆಮೇಲೆ 30 ಸುತ್ತಿನಂತೆ 15–20 ನಿಮಿಷ ನಿಧಾನವಾಗಿ ಕಲಕಿ, ನಂತರ ಅರ್ಧ ತಾಸು ಮುಟ್ಟದೆ ಬಿಡಿ. ತಿಳಿಯನ್ನು ಮೇಲಿನಿಂದ ಕೆಲವು ಸೆಂಟಿಮೀಟರ್ ಕೆಳಗಿನಿಂದ ತೆಗೆಯಬೇಕು. ಮೇಲ್ಮೈಯಲ್ಲಿ ತೇಲುವ ಕಸ ಸೇರಿಬಿಟ್ಟರೆ ಅಳತೆ ಕೆಡುತ್ತದೆ. ಬಗ್ಗಡ ಅಳೆಯುವ ಟರ್ಬಿಡಿಟಿ ಮೀಟರ್ ಇಲ್ಲದವರು ಜಾಡಿಯ ಹಿಂದೆ ಅಚ್ಚಿನ ಹಾಳೆ ಹಿಡಿದು ಓದಬಹುದು. ಯಾವುದು ಉತ್ತಮ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ, ಕುಡಿಯಲು ಯೋಗ್ಯವೇ ಎಂಬುದು ತಿಳಿಯುವುದಿಲ್ಲ. ಕ್ಲೋರಿನ್ ಹಾಕುವ ಮುನ್ನ ನೀರಿನ ಬಗ್ಗಡ 1 ಎನ್‌ಟಿಯುಗಿಂತ (ಬಗ್ಗಡ ಅಳೆಯುವ ಮಾನ) ಕೆಳಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಆ ಮಟ್ಟದ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಈ ಪರೀಕ್ಷೆಗೆ ಕೂತರೆ ಪಟಿಕದ ಗುಣಾವಗುಣ ಎರಡೂ ಬೇಗ ಹೊರಬರುತ್ತವೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಯಾವ ಪಟಿಕ ಎಂಬುದು. ಪಾರದರ್ಶಕ ಗಟ್ಟಿಯಾಗಿ ಸಿಗುವುದು ಸಾಮಾನ್ಯವಾಗಿ ಪೊಟ್ಯಾಶ್ ಪಟಿಕ, ಅದರಲ್ಲಿ ಅಲ್ಯೂಮಿನಿಯಂ ತೂಕದ ಶೇ. 5.7 ಮಾತ್ರ. ನೀರಿನ ಘಟಕಗಳಲ್ಲಿ ಬಳಸುವ ಅಲ್ಯೂಮಿನಿಯಂ ಸಲ್ಫೇಟಿನಲ್ಲಿ ಸುಮಾರು ಶೇ. 9. ಒಂದಕ್ಕೆ ಬರೆದ ಅಳತೆಯನ್ನು ಇನ್ನೊಂದಕ್ಕೆ ಹಾಕುವಾಗ 1.6ರಿಂದ ಗುಣಿಸಬೇಕು ಅಥವಾ ಭಾಗಿಸಬೇಕು. ‘ಪಟಿಕ ಹಾಕಿದೆ, ಏನೂ ಆಗಲಿಲ್ಲ’ ಎಂಬ ದೂರುಗಳಲ್ಲಿ ಕೆಲವಾದರೂ ಈ ಗುಣಾಕಾರ ಮರೆತದ್ದರಿಂದ ಹುಟ್ಟಿದವು.

ಎರಡನೆಯದು ಪಿಎಚ್. ಪಟಿಕ ನೀರಿಗೆ ಬಿದ್ದೊಡನೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಗರಣೆ ಕಟ್ಟುತ್ತದೆ, ಆಗ ಆಮ್ಲ ಹೊರಬರುತ್ತದೆ. ಆ ಆಮ್ಲವನ್ನು ನೀರಿನ ಕ್ಷಾರೀಯತೆ ನುಂಗಬೇಕು. ಒಂದು ಮಿ.ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಅರ್ಧ ಮಿ.ಗ್ರಾಂ ಕ್ಷಾರೀಯತೆಯನ್ನು ತಿನ್ನುತ್ತದೆ. ಮಳೆನೀರಿನಂಥ ಮೃದು ನೀರಿನ ಕ್ಷಾರೀಯತೆ ಲೀಟರಿಗೆ 20 ಮಿ.ಗ್ರಾಂ ಇದ್ದು, ಅದಕ್ಕೆ 60 ಮಿ.ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಬೇಕಾದರೆ, 30 ಬೇಕಿದ್ದಲ್ಲಿ ಇರುವುದು 20. ಪಿಎಚ್ ಕುಸಿಯುತ್ತದೆ, ಅಲ್ಯೂಮಿನಿಯಂ ಗರಣೆಯಾಗದೆ ಕರಗಿಯೇ ಉಳಿಯುತ್ತದೆ, ಫ್ಲಾಕ್ ಬೆಳೆಯುವುದಿಲ್ಲ. ಆಗ ಇನ್ನಷ್ಟು ಪಟಿಕ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಬೇಕಿರುವುದು ಸುಣ್ಣ: ಒಂದು ಮಿ.ಗ್ರಾಂ ಅಲ್ಯೂಮಿನಿಯಂ ಸಲ್ಫೇಟಿಗೆ 0.37 ಮಿ.ಗ್ರಾಂ ಅರಳಿದ ಸುಣ್ಣ ಸರಿಹೋಗುತ್ತದೆ. ಕೊರತೆಯಾದ 10 ಮಿ.ಗ್ರಾಮಿಗೆ 7.4 ಮಿ.ಗ್ರಾಂ ಸಾಕೇನೋ ಹೌದು, ಆದರೆ ಪೂರ್ತಿ ಶೂನ್ಯಕ್ಕೆ ಇಳಿಸದೆ ಸ್ವಲ್ಪ ಕ್ಷಾರೀಯತೆ ಉಳಿಯುವಂತೆ ಹಾಕಬೇಕು. ಸುಣ್ಣವನ್ನೂ ಪಟಿಕವನ್ನೂ ಒಂದೇ ಪಾತ್ರೆಯಲ್ಲಿ ಕಲಸಿಟ್ಟು ಹಾಕಿದರೆ ಎರಡೂ ಅಲ್ಲೇ ಕೆಲಸ ಮುಗಿಸಿಕೊಂಡುಬಿಡುತ್ತವೆ.

ಸುಣ್ಣ ಮಿತಿಮೀರಿದರೂ ಕಷ್ಟವೇ. ಪಟಿಕಕ್ಕೆ ಒಪ್ಪುವ ಪಿಎಚ್ ಸುಮಾರು 5.5ರಿಂದ 7.5. ಎಂಟು ದಾಟಿದ ಮೇಲೆ ಅಲ್ಯೂಮಿನಿಯಂ ಅಲ್ಯುಮಿನೇಟ್ ಆಗಿ ಮತ್ತೆ ಕರಗತೊಡಗುತ್ತದೆ. ನೀರು ನೋಡಲು ತಿಳಿಯಾಗಿದ್ದರೂ ಲೋಹ ಒಳಗೇ ಉಳಿದಿರುತ್ತದೆ, ಮುಂದೆ ಪಿಎಚ್ ಇಳಿದಾಗ ಕೊಳವೆಯೊಳಗೆ ಗರಣೆ ಕಟ್ಟುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಉಳಿಕೆ ಅಲ್ಯೂಮಿನಿಯಂ ದೊಡ್ಡ ಘಟಕಗಳಲ್ಲಿ ಲೀಟರಿಗೆ 0.1 ಮಿ.ಗ್ರಾಂ, ಸಣ್ಣವುಗಳಲ್ಲಿ 0.2 ಮಿ.ಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆ ಸಾಧ್ಯವೆಂದು ತೋರಿಸಿದ ಮಟ್ಟ. ಪಿಎಚ್ ಪಟ್ಟಿ ಇಲ್ಲದೆ ಪಟಿಕ ಬಳಸುವುದು ಕಣ್ಣು ಕಟ್ಟಿಕೊಂಡು ಅಳೆದಂತೆ.

ಮೂರನೆಯದು ಕೈಚಳಕ. ಜೋರಾಗಿ ಕಲಕುವ ಒಂದು ನಿಮಿಷವನ್ನು ಬಿಟ್ಟರೆ ಪಟಿಕ ಒಂದು ಮೂಲೆಯಲ್ಲೇ ಗರಣೆಯಾಗಿ ವ್ಯರ್ಥವಾಗುತ್ತದೆ. ಜೋರಾಗಿಯೇ ಕಲಕುತ್ತಾ ಹೋದರೆ ಬೆಳೆದ ಫ್ಲಾಕ್ ಹರಿದುಹೋಗುತ್ತದೆ. ಹರಿದ ಪಟಿಕದ ಫ್ಲಾಕ್ ಮತ್ತೆ ಮೊದಲಿನ ಗಾತ್ರಕ್ಕೆ ಬರುವುದಿಲ್ಲ, ಅದರ ಪ್ರಮುಖ ದೌರ್ಬಲ್ಯ ಅದೇ. ತಣ್ಣನೆಯ ನೀರಿನಲ್ಲಂತೂ ಗುಂಡುಸೂಜಿ ತಲೆಯಷ್ಟೇ ಬೆಳೆದು, ತಳಕ್ಕೂ ಹೋಗದೆ ಮೇಲಕ್ಕೂ ಬಾರದೆ ನಿಂತುಬಿಡುತ್ತದೆ. ಅತಿಯಾದರೂ ಒಂದು ಬಲೆಯಿದೆ. ಧನ ಆವೇಶ ಬೇಕಾದ್ದಕ್ಕಿಂತ ಹೆಚ್ಚು ಅಂಟಿದರೆ ಋಣವಾಗಿದ್ದ ಕಣಗಳೆಲ್ಲ ಧನವಾಗಿ, ಮತ್ತೆ ಒಂದನ್ನೊಂದು ತಳ್ಳತೊಡಗುತ್ತವೆ. ಮೂರನೇ ಜಾಡಿ ತಿಳಿಯಾಗಿ ಐದನೆಯದು ಮತ್ತೆ ಬಗ್ಗಡವಾಗಿದ್ದರೆ ಕಾರಣ ಇದೇ, ಪರೀಕ್ಷೆ ಕೆಟ್ಟಿಲ್ಲ. ಇಷ್ಟೆಲ್ಲ ಇದ್ದೂ, ಪಿಎಚ್ ಅಳೆಯುವ ತಾಳ್ಮೆ ಇರುವವರಿಗೆ ಪಟಿಕ ನಂಬಿಕಸ್ಥ ಸರಕು. ಹರಳು ಕೆಡುವುದಿಲ್ಲ, ತಪ್ಪಿದರೆ ತಪ್ಪು ಕಣ್ಣಿಗೆ ಕಾಣುತ್ತದೆ, ಸರಿಪಡಿಸಬಹುದು.

ಪಾಲಿ ಅಲ್ಯೂಮಿನಿಯಂ ಕ್ಲೋರೈಡ್, ಬಳಕೆಯ ಮಾತಿನಲ್ಲಿ ಪ್ಯಾಕ್, ಇದೇ ಕೆಲಸವನ್ನು ಅರ್ಧ ಮುಗಿಸಿಟ್ಟು ಬಂದಿರುವ ಲವಣ. ಕಾರ್ಖಾನೆಯಲ್ಲೇ ಅದಕ್ಕೆ ಕ್ಷಾರ ಕೂಡಿಸಿರುತ್ತಾರೆ, ಆದ್ದರಿಂದ ನೀರಿನ ಕ್ಷಾರೀಯತೆಯನ್ನು ಪಟಿಕದಷ್ಟು ತಿನ್ನುವುದಿಲ್ಲ. ಎಷ್ಟು ಕೂಡಿಸಿದ್ದಾರೆ ಎಂಬುದನ್ನು ‘ಬೇಸಿಸಿಟಿ’ ಎಂಬ ಶೇಕಡಾ ಅಂಕೆ ಹೇಳುತ್ತದೆ. ಆ ಅಂಕೆಯೂ ಅಲ್ಯೂಮಿನಿಯಂ ಆಕ್ಸೈಡಿನ ಪ್ರಮಾಣವೂ ಇಲ್ಲದ ಚೀಲವನ್ನು ಕೊಳ್ಳಬಾರದು. ಪುಡಿಯಲ್ಲಿ ಆಕ್ಸೈಡ್ ಶೇ. 30ರ ಆಸುಪಾಸು ಇರುವುದು ವಾಡಿಕೆ. ದ್ರವರೂಪದ್ದಾದರೆ ಅದಕ್ಕಿಂತ ತುಂಬಾ ಕಡಿಮೆ, ಎರಡರ ಅಳತೆಯೂ ಬೇರೆ. ತಣ್ಣೀರಿನಲ್ಲೂ ಮೃದು ನೀರಿನಲ್ಲೂ ಪ್ಯಾಕ್ ಪಟಿಕವನ್ನು ಮೀರಿಸುತ್ತದೆ, ಫ್ಲಾಕ್ ಬೇಗ ಕಟ್ಟುತ್ತದೆ. ತೊಂದರೆ ಶೇಖರಣೆಯಲ್ಲಿ. ಪುಡಿ ಗಾಳಿಯ ತೇವ ಹೀರಿ ಗಟ್ಟಿ ಮುದ್ದೆಯಾಗುತ್ತದೆ, ದ್ರಾವಣವನ್ನು ತೀರಾ ತೆಳ್ಳಗೆ ಮಾಡಿಟ್ಟರೆ ಪಾತ್ರೆಯಲ್ಲೇ ಗರಣೆ ಇಳಿದು ಸತ್ವ ಹೋಗುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನೇ ಕರಗಿಸಿಕೊಳ್ಳುವುದು ಲೇಸು. ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡ್ ಇದಕ್ಕಿಂತ ವಿಶಾಲ ಪಿಎಚ್‌ನಲ್ಲಿ ನಡೆಯುತ್ತದೆ, ಫ್ಲಾಕ್ ಭಾರವೂ ಹೌದು. ಆದರೆ ಲೋಹವನ್ನು ಕೊರೆಯುತ್ತದೆ, ಮುಟ್ಟಿದ್ದೆಲ್ಲ ಕಂದಾಗುತ್ತದೆ. ಸಣ್ಣ ಪ್ರಮಾಣದ ಬಳಕೆಗೆ ಶಿಫಾರಸು ಮಾಡಲಾರೆವು.

ಇಲ್ಲಿಯವರೆಗಿನವೆಲ್ಲ ಆವೇಶ ಅಳಿಸುವ ಸರಕುಗಳು. ನೀರಿನವರ ಅರ್ಥದಲ್ಲಿ ನಿಜವಾದ ಫ್ಲಾಕ್ಯುಲಂಟ್ ಪಾಲಿಅಕ್ರಿಲಮೈಡ್. ಅಣುತೂಕ ದಶಲಕ್ಷಗಳಲ್ಲಿ, ಹಲವು ದರ್ಜೆಗಳಲ್ಲಿ ಒಂದು ಕೋಟಿಯ ಮೇಲೆ. ಅಷ್ಟುದ್ದದ ಸರಪಳಿಯ ಒಂದು ತುದಿ ಒಂದು ಕಣಕ್ಕೂ ಇನ್ನೊಂದು ತುದಿ ಇನ್ನೊಂದು ಕಣಕ್ಕೂ ಅಂಟಿ ಎರಡನ್ನೂ ಎಳೆದು ತರುತ್ತದೆ. ಪಟಿಕದ ಅರಳೆ ಇಲ್ಲಿ ನಾರಿನ ಉಂಡೆಯಾಗುತ್ತದೆ, ಕಣ್ಣೆದುರೇ ತಳ ಸೇರುತ್ತದೆ. ಮೊದಲ ಬಾರಿ ನೋಡಿದವರು ಇದನ್ನೊಂದನ್ನೇ ಬಳಸಿದರೆ ಸಾಕಲ್ಲ ಎಂದುಕೊಳ್ಳುತ್ತಾರೆ. ಸಾಲದು. ಋಣ ಆವೇಶದ ದರ್ಜೆಯನ್ನು ಋಣ ಆವೇಶದ ಮಣ್ಣಿಗೆ ನೇರವಾಗಿ ಹಾಕಿದರೆ ಹಿಡಿತ ಸಿಗುವುದಿಲ್ಲ. ನಡುವೆ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಕೊಂಡಿ ಬೇಕು. ಮೊದಲು ಪಟಿಕ ಅಥವಾ ಪ್ಯಾಕ್, ಒಂದೆರಡು ನಿಮಿಷ ಬಿಟ್ಟು ಸೂಕ್ಷ್ಮ ಫ್ಲಾಕ್ ಕಂಡ ಮೇಲೆ ಈ ಪಾಲಿಮರ್, ಅಂದರೆ ಉದ್ದ ಸರಪಳಿಯ ಪಾಲಿಅಕ್ರಿಲಮೈಡ್. ಕ್ರಮ ತಿರುಗಿಸಿದರೆ ಎರಡೂ ಹಾಳು.

ಕರಗಿಸುವುದರಲ್ಲೇ ಹೆಚ್ಚಿನವರು ಸೋಲುವುದು. ಒಂದು ಗ್ರಾಂ ಪುಡಿಗೆ ಒಂದು ಲೀಟರ್ ನೀರು. ಮೊದಲು ನೀರನ್ನು ಸುಳಿಯೇಳುವಂತೆ ತಿರುಗಿಸಿ, ಸುಳಿಯ ಅಂಚಿಗೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಒಮ್ಮೆಲೇ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿ ಇರುವ ಗಂಟುಗಳಾಗುತ್ತವೆ. ಇವಕ್ಕೆ ‘ಮೀನಿನ ಕಣ್ಣು’ ಎಂದೇ ಹೆಸರು. ಒಮ್ಮೆ ಆದ ಮೇಲೆ ತಾಸುಗಟ್ಟಲೆ ಕಲಕಿದರೂ ಬಿಡುವುದಿಲ್ಲ. ಪುಡಿ ಬಿದ್ದ ಮೇಲೆ ವೇಗ ಇಳಿಸಿ 30ರಿಂದ 60 ನಿಮಿಷ ನಿಧಾನವಾಗಿ ತಿರುಗಿಸಬೇಕು, ಸುರುಳಿ ಸುತ್ತಿಕೊಂಡ ಸರಪಳಿ ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಮಿಕ್ಸರ್ ಜಾರಿನಲ್ಲಿ ಹಾಕಿ ಗರ್ರೆನ್ನಿಸಿದರೆ ಸರಪಳಿಯೇ ತುಂಡಾಗುತ್ತದೆ. ದ್ರಾವಣ ನುಣ್ಣಗೆ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಹೀಗೆ ತಯಾರಾದ ದ್ರಾವಣದ ಒಂದು ಮಿಲಿಲೀಟರನ್ನು 10 ಲೀಟರಿಗೆ ಹಾಕಿದರೆ ಲೀಟರಿಗೆ 0.1 ಮಿ.ಗ್ರಾಂ. ಸಾವಿರ ಲೀಟರಿಗೆ 100 ಮಿಲಿಲೀಟರ್. ಅಲ್ಲಿಂದ ಶುರುಮಾಡಿ ಜಾಡಿಯಲ್ಲೇ ಏರಿಸಿ ನೋಡಬೇಕು. ದಿನವೆರಡು ದಿನಕ್ಕಿಂತ ಹೆಚ್ಚು ಇಟ್ಟ ದ್ರಾವಣವನ್ನು ನಂಬಬಾರದು.

ಹೆಚ್ಚು ಹಾಕಿದರೆ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ಪಟಿಕಕ್ಕಿಂತ ಬೇಗ ಕೈಕೊಡುತ್ತದೆ. ಸರಪಳಿಗಳು ಪ್ರತಿ ಕಣದ ಮೈಯನ್ನೂ ಪೂರ್ತಿ ಮುಚ್ಚಿಬಿಟ್ಟರೆ ಇನ್ನೊಂದು ತುದಿ ಅಂಟಲು ಜಾಗವೇ ಇರುವುದಿಲ್ಲ, ಸೇತುವೆ ಇಲ್ಲ, ಬಗ್ಗಡ ಹಾಗೇ. ಉಳಿದ ಪಾಲಿಮರ್ ಮುಂದಿನ ಮರಳಿನ ಶೋಧಕದ ಮೇಲೆ ಲೋಳೆಯಾಗಿ ಕೂತು ಅದನ್ನು ಕಟ್ಟಿಹಾಕುತ್ತದೆ. ಕುಡಿಯುವ ನೀರಿಗಾದರೆ ಕುಡಿಯುವ ನೀರಿನ ದರ್ಜೆ ಎಂದು ಪ್ರಮಾಣೀಕರಿಸಿದ್ದೇ ಬೇಕು. ಪಾಲಿಮರ್ ಆಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ, ಕುಡಿಯುವ ನೀರಿನಲ್ಲಿ ಅದರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.5 ಮೈಕ್ರೋಗ್ರಾಂ. ಉಳಿಕೆ ಶೇ. 0.05 ಇರುವ ಪುಡಿಯನ್ನು ಲೀಟರಿಗೆ ಒಂದು ಮಿ.ಗ್ರಾಂ ಹಾಕಿದರೆ ಸರಿಯಾಗಿ ಆ ಗಡಿಗೇ ಬಂದು ನಿಲ್ಲುತ್ತದೆ. ಕೈಗಾರಿಕೆಯ ದರ್ಜೆಯ ಚೀಲದ ಮೇಲೆ ಈ ಉಳಿಕೆಯ ಭರವಸೆ ಇರುವುದಿಲ್ಲ. ಧನ ಆವೇಶದ ದರ್ಜೆ ಕೆಸರು ಹಿಂಡಲು ಸೊಗಸು, ಮೀನಿರುವ ಕೊಳಕ್ಕೆ ಬೇಡವೇ ಬೇಡ. ಅದು ಕಿವಿರಿಗೆ ಅಂಟಿ ಮೀನನ್ನು ಕೊಲ್ಲುತ್ತದೆ. ಇನ್ನೊಂದು ಎಚ್ಚರಿಕೆ ನೆಲದ್ದು: ಚೆಲ್ಲಿದ ಪುಡಿಗೆ ನೀರು ಹಾಕಿ ತೊಳೆಯಲು ಹೋದರೆ ನೆಲ ಜಾರುಬಂಡೆಯಾಗುತ್ತದೆ. ಒಣಗಿರುವಾಗಲೇ ಗುಡಿಸಬೇಕು, ಒದ್ದೆಯಾಗಿದ್ದರೆ ಮರಳು ಅಥವಾ ಮರದ ಹೊಟ್ಟು ಹಾಕಿ ಕೆರೆದು ತೆಗೆಯಬೇಕು.

ಅಳತೆಯ ತಲೆನೋವೇ ಬೇಡ ಎನ್ನುವವರಿಗಾಗಿ ಪೊಟ್ಟಣವಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೊತೆಗೂಡಿ ರೂಪಿಸಿದ 4 ಗ್ರಾಮಿನ ಪೊಟ್ಟಣ 10 ಲೀಟರ್ ನೀರಿಗೆ. ಒಳಗೆ ಮುಖ್ಯವಾಗಿ ಫೆರಿಕ್ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್: ಒಂದು ಮುದ್ದೆ ಕಟ್ಟಿಸುತ್ತದೆ, ಇನ್ನೊಂದು ರೋಗಾಣು ಕೊಲ್ಲುತ್ತದೆ. 5 ನಿಮಿಷ ಕಲಕಿ, 5 ನಿಮಿಷ ಬಿಟ್ಟು, ರಂಧ್ರವಿಲ್ಲದ ಹತ್ತಿ ಬಟ್ಟೆಯಲ್ಲಿ ಬೇರೆ ಪಾತ್ರೆಗೆ ಸೋಸಿ, ಮತ್ತೆ 20 ನಿಮಿಷ ಕಾಯಬೇಕು. ಬಹುಪಾಲು ಮಂದಿ ತಪ್ಪಿಸುವುದು ಈ ಕೊನೆಯ ಇಪ್ಪತ್ತು ನಿಮಿಷವನ್ನು, ಏಕೆಂದರೆ ಸೋಸಿದ ನೀರು ಆಗಲೇ ಹೊಳೆಯುತ್ತಿರುತ್ತದೆ. ಹೊಳಪು ಕಬ್ಬಿಣದ ಕೆಲಸ, ಕ್ಲೋರಿನ್ನಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಕ್ಲೋರಿನ್ನಿಗೆ ಜಗ್ಗದ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಯ ಕೋಶಗಳನ್ನು ಫ್ಲಾಕ್ ಹಿಡಿದು ತಳಕ್ಕೆ ಒಯ್ಯುವುದು, ಆರ್ಸೆನಿಕ್ಕನ್ನೂ ಕಬ್ಬಿಣದ ಗರಣೆ ಹೀರಿಕೊಳ್ಳುವುದು ಇದರ ದೊಡ್ಡ ಗೆಲುವು, ಬರೀ ಕ್ಲೋರಿನ್ ಮಾತ್ರೆಗೆ ಇದು ಆಗದು. ಉಪ್ಪು, ನೈಟ್ರೇಟ್‌ನಂಥ ಕರಗಿದ ಲವಣಗಳನ್ನು ತೆಗೆಯುತ್ತದೆಂದು ನಿರೀಕ್ಷಿಸಬೇಡಿ. ಎರಡು ಪಾತ್ರೆ, ಬಟ್ಟೆ, ಕಲಕುವ ಕೋಲು, ಅರ್ಧ ತಾಸು ಎಲ್ಲವೂ ಬೇಕು. ತಿಳಿಯಾಗಿಯೇ ಇರುವ ನೀರಿಗೆ ಇದು ದುಂದು.

ಈಜುಕೊಳಕ್ಕೆಂದು ಮಾರುವ ‘ಫ್ಲಾಕ್’ ಡಬ್ಬಿಯಲ್ಲಿ ಬಹಳ ಸಲ ಇರುವುದು ಅದೇ ಪಟಿಕ ಅಥವಾ ಪ್ಯಾಕ್. ಅದನ್ನು ಹಾಕಿ ಶೋಧಕದ ಮೂಲಕ ನೀರು ಹರಿಸಿದರೆ ಶೋಧಕ ಕಟ್ಟಿಕೊಳ್ಳುತ್ತದೆ. ಕವಾಟವನ್ನು ಶೋಧಕ ತಪ್ಪಿಸಿ ಹರಿಯುವಂತೆ ಇಟ್ಟು ಬೆರೆಸಿ, ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಟ್ಟು, ತಳದ ಕೆಸರನ್ನು ಹೀರಿ ನೇರ ಹೊರಕ್ಕೆ ಬಿಡಬೇಕು. ಕಾರ್ಟ್ರಿಜ್ ಶೋಧಕ ಮಾತ್ರ ಇದ್ದು, ಹೊರಕ್ಕೆ ಬಿಡುವ ದಾರಿ ಇಲ್ಲದ ಕೊಳಕ್ಕೆ ಈ ಡಬ್ಬಿ ತರಲೇಬಾರದು.

ಅಂದಹಾಗೆ ಇದೇ ಪದ ಬೇರೆ ಡಬ್ಬಿಗಳ ಮೇಲೂ ಇದೆ, ಅರ್ಥದ ರುಚಿ ಬೇರೆ. ಬಣ್ಣ ತಯಾರಿಸುವವರಿಗೆ ಫ್ಲಾಕ್ಯುಲೇಶನ್ ಒಂದು ದೋಷ: ವರ್ಣಕಣಗಳು ಗುಂಪುಗೂಡಿದರೆ ಬಣ್ಣ ಮಂಕಾಗುತ್ತದೆ. ಅರೆ ಒಣಗಿದ ಬಣ್ಣವನ್ನು ಬೆರಳಲ್ಲಿ ಉಜ್ಜಿದ ಕಡೆ ಛಾಯೆ ಬದಲಾದರೆ ಗುಂಪುಗೂಡಿದೆ ಎಂದೇ ಲೆಕ್ಕ. ‘ಚೆನ್ನಾಗಿ ಅಲುಗಾಡಿಸಿ’ ಎಂದು ಬರೆದ ಔಷಧದ ಬಾಟಲಿಯಲ್ಲಿ ಅದೇ ಬೇಕಾದ ಗುಣ. ಸಡಿಲ ಮುದ್ದೆಯಾಗಿ ಇಳಿದದ್ದು ಅಲುಗಾಡಿಸಿದರೆ ಮತ್ತೆ ಚದುರುತ್ತದೆ, ಒಂಟಿ ಕಣಗಳಾಗಿ ಇಳಿದದ್ದು ತಳದಲ್ಲಿ ಸಿಮೆಂಟಿನಂತೆ ಕೂತುಬಿಡುತ್ತದೆ. ಪ್ರಯೋಗಾಲಯದ ಕಿಟ್‌ಗಳಲ್ಲಿ ಇನ್ನೂ ಸೂಕ್ಷ್ಮ ಭೇದವಿದೆ. ರಕ್ತಕಣದಂಥ ದೊಡ್ಡ ಕಣಗಳನ್ನು ಪ್ರತಿಕಾಯ ಗುಂಪುಗೂಡಿಸಿದರೆ ಅಗ್ಲುಟಿನೇಶನ್. ಸಿಫಿಲಿಸ್‌ಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಲಿಪಿಡ್‌ನ ಸೂಕ್ಷ್ಮ ಕಣಗಳು ಕೂಡಿಕೊಳ್ಳುವುದು ಫ್ಲಾಕ್ಯುಲೇಶನ್, ಅದನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಅಲ್ಲೂ ‘ಅತಿಯಾದರೆ ಇಲ್ಲ’ ಎಂಬ ಬಲೆ ಉಂಟು. ಪ್ರತಿಕಾಯ ತೀರಾ ಹೆಚ್ಚಿರುವ ಸೀರಂ ಹಾಗೇ ಹಾಕಿದರೆ ಮುದ್ದೆ ಕಟ್ಟುವುದಿಲ್ಲ, ತೆಳ್ಳಗೆ ಮಾಡಿದರೆ ಕಟ್ಟುತ್ತದೆ.

ಯಾವ ಪುಡಿ ಆರಿಸಿದರೂ ತಳದಲ್ಲಿ ಉಳಿಯುವ ಕೆಸರಿನ ಬಗ್ಗೆ ಚೀಲಗಳು ಸಾಮಾನ್ಯವಾಗಿ ಹೇಳುವುದಿಲ್ಲ. ನೀರಿನಲ್ಲಿದ್ದ ರೋಗಾಣುಗಳು ಬಹುಪಾಲು ಈಗ ಅಲ್ಲಿವೆ, ಕ್ಲೋರಿನ್ ಇಲ್ಲದ ಪಟಿಕದ ಕೆಸರಿನಲ್ಲಿ ಜೀವಂತವಾಗಿಯೇ. ಮಕ್ಕಳು, ದನಕರು ಸುಳಿಯದ ಕಡೆ ಗುಂಡಿಗೆ ಅಥವಾ ಶೌಚದ ಗುಂಡಿಗೆ ಸುರಿಯಬೇಕು. ತಿಳಿಯನ್ನು ಬಗ್ಗಿಸುವಾಗ ಕೊನೆಯ ಎರಡಂಗುಲವನ್ನು ಆಸೆಪಡದೆ ಬಿಟ್ಟುಬಿಡಬೇಕು.